ಹತ್ತಕ್ಕೆ ಹತ್ತು

ಹೀಯುಮಾ ದ್ವೀಪದಿಂದ ತಾರ್ತುವಿನ ಆಸ್ಪತ್ರೆಗೆ
ಮೊದಲು ಹಡಗು, ಆಮೇಲೆ ಎರಡು ಬಸ್ಸು.
ಮಡಿಲಲ್ಲಿ ಅಣ್ಣನಿಗೆಂದು ಕಪ್ಪು ರೊಟ್ಟಿ,
ಅವನ ವಾರ್ಡಿನೊಳಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ.

ಹದಿನೈದು ದಿನದ ಹಿಂದೆ ಫೋನಿನಲ್ಲಿ ಹೇಳಿದ್ದರು:
ಒಡಹುಟ್ಟಿದವರಲ್ಲಿ ನಾಲ್ವರಲ್ಲೊಬ್ಬರದು ಹೊಂದುತ್ತದೆ.
ನಿಮ್ಮದು ಹೊಂದಿದೆ. ಹತ್ತಕ್ಕೆ ಹತ್ತು.
ಶಾಲೆಯಲ್ಲಿ ಒಮ್ಮೆಯೂ ಬಾರದ ಅಂಕ!
ಅಂಚೆಚೀಲ ಹೆಗಲಲ್ಲೇ ಇತ್ತು,
ಸೈಕಲ್ಲು ಯಾರದೋ ಬೇಲಿಗೆ ಒರಗಿಸಿ
ಹಿಮದಲ್ಲಿ ನಿಂತು ಒಬ್ಬಳೇ ನಕ್ಕೆ.
ಚಿಕ್ಕಂದಿನಲ್ಲಿ ಪಕ್ಕದ ಮನೆಯ ದೋಣಿಗೆ ತೂತು ಕೊರೆದದ್ದು ನಾನು,
ಏಟು ತಿಂದದ್ದು ಕಾರೆಲ್.
ಈಗ ತೀರಿಸುತ್ತೇನೆ, ಮೂಳೆಯೊಳಗಿಂದ.

ನಮ್ಮ ಮನೆಯಲ್ಲಿ ಈ ಕಾಯಿಲೆಗೆ ಒಂದು ಊರಿನ ಹೆಸರಿತ್ತು,
ಚೆರ್ನೋಬಿಲ್.
ಎಂಬತ್ತಾರರ ಮೇ ತಿಂಗಳು, ನಡುರಾತ್ರಿ ಬಾಗಿಲು ಬಡಿದು
ಅಪ್ಪನನ್ನು ಕರೆದೊಯ್ದರು,
ಮಣ್ಣಿನ ಮೇಲ್ಪದರ ಕೆರೆಯಲು, ಸೂರು ತೊಳೆಯಲು.
ಬರುವಾಗ ತಂದದ್ದು ಒಂದು ಪ್ರಮಾಣಪತ್ರ, ಒಂದು ಒಣಕೆಮ್ಮು.
ಹನ್ನೊಂದು ವರ್ಷದ ಮೇಲೆ ಮೂಗಿನಲ್ಲಿ ನೆತ್ತರು,
ಯಾರೂ ಹೊಡೆಯದ ಜಾಗದಲ್ಲಿ ಬಾಸುಂಡೆ.
ಮಣ್ಣು ಮಾಡಿ ಬಂದ ಸಂಜೆ ಅಮ್ಮ ಅಂಗಳದಲ್ಲಿ ನಿಂತು
ದಕ್ಷಿಣಕ್ಕೆ ಉಗುಳಿದಳು.
ದೂರಲು ಒಂದು ದಿಕ್ಕಿರುವುದೂ ನೆಮ್ಮದಿಯೇ.

ಆದರೆ ಸೆನ್ನಿ ಅತ್ತೆ ದ್ವೀಪ ಬಿಟ್ಟು ಹೋದವಳೇ ಅಲ್ಲ.
ಅವಳದು ಮೊದಲಿನಿಂದಲೂ ನೀರುರಕ್ತ ಅಂದೆವು.
ಅಜ್ಜನ ಹೆಸರಿನ ಮುಂದೆ ಇಗರ್ಜಿಯ ದಫ್ತರದಲ್ಲಿ
ಪಾದ್ರಿ ಬರೆದದ್ದು ಒಂದೇ ಮಾತು: ಬಿಳಿಚಿಕೊಂಡು ಸತ್ತ.

ಡಾಕ್ಟರ್ ಲೀವ್ ನನ್ನ ಮಗಳ ವಯಸ್ಸಿನವಳು,
ಪೆನ್ನಿನ ತುದಿ ಕಚ್ಚುತ್ತಾಳೆ.
ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ,
ಸತ್ತವರ ಮೇಲೊಂದು ಓರೆಗೀಟು.
ಮೂರು ತಲೆಮಾರು ಅರ್ಧ ಹಾಳೆಗೆ ಮುಗಿಯಿತು.
"ಸಾಮಾನ್ಯವಾಗಿ ಇದು ವಂಶದಲ್ಲಿ ಇಳಿದು ಬರುವುದಲ್ಲ.
ಕೇಳಿದವರಿಗೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳಿ ಕಳಿಸುತ್ತೇನೆ.
ನಿಮ್ಮ ಮನೆಯಲ್ಲಿ ಮಾತ್ರ..."
ಪೆನ್ನು ಅತ್ತೆಯ ಸೊನ್ನೆಯೊಳಗೆ ಮಸಿ ತುಂಬುತ್ತಿತ್ತು.

ಕಾರೆಲ್‌ನ ರಕ್ತದ ಸಾಕ್ಷಿ ಈಗ ನಂಬುವಂತಿಲ್ಲವಂತೆ,
ತೋಳಿನ ಚರ್ಮದ ಚೂರು ತೆಗೆದು ಓದಿದ್ದಾರೆ.
ಒಂದು ಅಕ್ಷರ ತಪ್ಪಿದೆ, ಹುಟ್ಟಿನಿಂದಲೇ.
ನನ್ನದರಲ್ಲೂ ಅದೇ ಅಕ್ಷರ, ಅದೇ ಜಾಗ.
ನೂಲಿನಂತೆ ಕೈಗವಸು.
"ಹಾಗಾದರೆ ಆ ರಿಯಾಕ್ಟರ್?"
"ಅದೂ ಇರಬಹುದು. ಯಾರು ಬಲ್ಲರು?
ಅದು ಬರುವಾಗ ಬಾಗಿಲು ತೆರೆದೇ ಇತ್ತು."
ಆಮೇಲೆ, ಮೆಲ್ಲಗೆ:
"ನಿಮ್ಮ ಮಜ್ಜೆ ಅವರಿಗೆ ಹಾಕಿದರೆ
ತೆಗೆದದ್ದನ್ನೇ ತಿರುಗಿ ಇಟ್ಟ ಹಾಗೆ."

ನಮ್ಮಲ್ಲಿ ರೊಟ್ಟಿಯ ಮರದ ಬಾನಿ ತೊಳೆಯುವ ಪದ್ಧತಿಯಿಲ್ಲ,
ತಳಕ್ಕೆ ಅಂಟಿದ ಹಿಟ್ಟೇ ಮುಂದಿನದಕ್ಕೆ ಹೆಪ್ಪು.
ಅಜ್ಜಿಯ ಕಾಲದ ಹುಳಿ ಅದು.
ಕಾರಿಡಾರಿನ ಬೆಂಚಿನಲ್ಲಿ ಮುರಿದು ನಾನೇ ತಿಂದೆ.
ಚೆನ್ನಾಗಿತ್ತು. ಅದೇ ಕಷ್ಟವಾಯಿತು.

ಗಾಜಿನಾಚೆ ಕಾರೆಲ್, ಹುಬ್ಬೂ ಉದುರಿದ ಮುಖ.
ಹತ್ತು ಬೆರಳು ಎತ್ತಿ ತೋರಿಸಿದ.
ನಾನೂ ಹತ್ತು ಎತ್ತಿದೆ.
ಸುಳ್ಳೇನಲ್ಲ.

ಯಾವ ದೇಶದವನೋ, ಇಪ್ಪತ್ತಮೂರರ ಹುಡುಗನಂತೆ,
ಹೊಂದುವುದು ಒಂಬತ್ತೇ. ಸಾಕಂತೆ.
ಹೆಸರು ಹೇಳುವ ಹಾಗಿಲ್ಲ.
ಹಾಕಿದ ಮೇಲೆ ಅಣ್ಣನ ರಕ್ತದ ಗುಂಪೇ ಬದಲಾಗುತ್ತದೆ.
ರಕ್ತಸಂಬಂಧ ಅನ್ನುವ ಮಾತು ನಾಲಿಗೆಗೆ ಬಂದು
ಅಲ್ಲೇ ನಿಂತಿತು.

ರಾತ್ರಿ ಮಗಳು ಕಿರ್ಕೆ ಫೋನು ಮಾಡಿದಳು.
ಮಾವ ರೊಟ್ಟಿ ತಿಂದನೇ ಎಂದು ಕೇಳಿದಳು.
ಇನ್ನೊಂದನ್ನು ಕೇಳಲಿಲ್ಲ.
ಅವಳ ಹೆಸರಿನ ಫಾರಂ ನನ್ನ ಚೀಲದಲ್ಲಿದೆ,
'ತಿಳಿಯಬಯಸುತ್ತೇನೆ', 'ಬಯಸುವುದಿಲ್ಲ', ಎದುರಿಗೆ ಎರಡು ಖಾಲಿ ಚೌಕ.
ಮೂವತ್ತು ವರ್ಷ ಊರವರ ಕಾಗದ ಹಂಚಿದ್ದೇನೆ,
ಒಂದನ್ನೂ ತಡಮಾಡಿದವಳಲ್ಲ.

ಅಮ್ಮನಿಗೆ ಹೇಳಿಲ್ಲ. ಎಂಬತ್ತಮೂರು ಅವಳಿಗೆ.
ಏಪ್ರಿಲ್ ಕೊನೆಯ ವಾರ ಎಂದಿನಂತೆ ಮೇಣದಬತ್ತಿ ಹಚ್ಚಿ
ಅಂಗಳಕ್ಕಿಳಿದು ದಕ್ಷಿಣಕ್ಕೆ ಉಗುಳಿದಳು,
ನನ್ನತ್ತ ತಿರುಗಿ, ನೀನೂ ಅಂದಳು.
ಪಕ್ಕದಲ್ಲಿ ನಿಂತೆ.
ಬಾಯಿ ಒಣಗಿತ್ತು.